ಬಣ್ಣದ ಜಾಗ

ತೀರಿಕೊಂಡಿದ್ದ ಅಪ್ಪನ ಅಂಗಿಯ ಜೇಬಿನಲ್ಲಿದ್ದ ಪೆನ್ಸಿಲ್ ತೆಗೆಯಲು ಮಗಳು ಎರಡು ಸಲ ಕೈಚಾಚಿದಳು. ಎರಡು ಸಲವೂ ತಾಯಿ ಆ ಕೈಯನ್ನು ಸರಿಸಿದಳು. "ಇರಲಿ ಬಿಡೇ, ಅದಿಲ್ಲದಿದ್ರೆ ಅವರಿಗೆ ಕೈಕಾಲೇ ಆಡಲ್ಲ" ಎಂದವಳು, ಹೇಳಿದ್ದೇನೆಂದು ಹೊಳೆದು ಬಾಯಿಗೆ ಅಂಗೈ ಒತ್ತಿಕೊಂಡಳು.

ಕಿಟಕಿಯ ಮೇಜನ್ನು ಪಕ್ಕಕ್ಕೆ ಸರಿಸಿ ಅವರನ್ನು ಅಲ್ಲೇ ಮಲಗಿಸಿದ್ದರು. ನಲವತ್ತು ವರ್ಷ ಆ ಬೆಳಕಲ್ಲೇ ಕೂತು ಮಾಣಿಕ್ಯದ ಗುಣ ಹೇಳಿದ ಮನುಷ್ಯ. ಹರಳಿನ ವ್ಯಾಪಾರಿ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ. ತೂಕವನ್ನು ತಕ್ಕಡಿ ಹೇಳುತ್ತದೆ, ಒಳಗಿನ ಎಳೆಯನ್ನು ಭೂತಗನ್ನಡಿ ತೋರಿಸುತ್ತದೆ, ಆದರೆ ಬೆಲೆ ನಿಲ್ಲುವುದು ಕೆಂಪಿನ ಮೇಲೆ. ಅದಕ್ಕೆ ಅಣ್ಣನ ಕಣ್ಣೇ ಬೇಕಿತ್ತು, ಕೊನೆಯ ತನಕ ಒಂದೂ ತಪ್ಪಲಿಲ್ಲ ಎಂದು. ಕೇಳಿದಾಗಲೆಲ್ಲ ಹೆಂಡತಿ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು.

* * *

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರು ಹರಳು ಕೆಳಗಿಟ್ಟು, "ಇದು ಕೆಂಪೇನೇ?" ಎಂದಿದ್ದರು. ಕಣ್ಣಿನ ನರ ಸೊರಗಿತ್ತು. ಹರಳಿನೊಳಗಿನ ಕೂದಲೆಳೆಯೂ ಕಾಣುತ್ತಿತ್ತು, ಬಣ್ಣ ಮಾತ್ರ ಬೂದಿ. ಅವತ್ತು ಮಗುವಿನ ಹಾಗೆ ಅತ್ತುಬಿಟ್ಟರು, ಪಾಪ.

ಮರುದಿನದಿಂದ ಆಕೆ ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂರತೊಡಗಿದಳು. ಕಸುಬಿನ ಮಾತು ಅವಳಿಗೆಲ್ಲಿ ಬರಬೇಕು? ಇದು ದಾಳಿಂಬೆ ಕಾಳು, ಇದು ಒಗೆದು ಒಗೆದು ಮಾಸಿದ ಬಟ್ಟೆ, ಇದರಲ್ಲಿ ಚೂರು ನೇರಳೆ ಎನ್ನುವಳು. ಅವರು ಅದನ್ನು ಕಸುಬಿನ ಮಾತಿಗೆ ತಿರುಗಿಸಿ ಹರಳಿನ ಪೊಟ್ಟಣದ ಮೇಲೆ ಪೆನ್ಸಿಲಿನಲ್ಲಿ ಬರೆಯುವರು. ಬರೆಯುವ ಮುಂಚೆ ಪ್ರತಿ ಸಲವೂ ಒಂದೇ ಮಾತು: "ಇನ್ನೊಂದು ಸಲ ನೋಡು." ಎಂಥ ಪೀಡೆ ಮನುಷ್ಯನಪ್ಪಾ ಎಂದು ಗೊಣಗಿಕೊಂಡೇ ನೋಡುತ್ತಿದ್ದಳು.

"ಯಾರಿಗೂ ಗೊತ್ತಾಗಬಾರದು ಕಣೇ. ನನ್ನ ಹೆಸರು ಮಣ್ಣುಪಾಲಾಗುತ್ತೆ" ಎಂದಿದ್ದರು. ಆಕೆ ಮಾತು ಕೊಟ್ಟಿದ್ದಳು.

* * *

ಅವರನ್ನು ಒಯ್ಯುವ ಹೊತ್ತಾಯಿತು. ವ್ಯಾಪಾರಿ ಮೇಜಿನ ಮೇಲಿದ್ದ ಕೊನೆಯ ಪೊಟ್ಟಣ ಬಿಚ್ಚಿದ. ತೂಕ ಬರೆದಿತ್ತು, ಬಣ್ಣದ ಜಾಗ ಖಾಲಿ.

ಅಣ್ಣ ಒಂದು ಸಲ ಮುಟ್ಟಲಿ ಅತ್ತಿಗೆ ಎನ್ನುತ್ತಾ ಅವನು ಹರಳನ್ನು ತಣ್ಣನೆಯ ಅಂಗೈಯಲ್ಲಿಟ್ಟ. ಅದರ ಮೇಲೆ ಕಿಟಕಿಯ ಬೆಳಕು ಬಿತ್ತು. ಆಕೆ ದಿನದ ರೂಢಿಯಂತೆ ಬಗ್ಗಿ ಅವರ ಕಿವಿಯಲ್ಲಿ ಹೇಳಿಯೇಬಿಟ್ಟಳು.

"ದಾಳಿಂಬೆ ರೀ. ಅಂಚಲ್ಲಿ ಚೂರು ನೇರಳೆ."

ವ್ಯಾಪಾರಿ ಖಾಲಿ ಜಾಗ ನೋಡಿದ, ಆಕೆಯನ್ನು ನೋಡಿದ.

"ಎಷ್ಟು ದಿನದಿಂದ, ಅತ್ತಿಗೆ?"

"ಮೂರು ವರ್ಷ. ಅವರನ್ನ ಏನೂ ಅನ್ನಬೇಡಪ್ಪ."

ಅವನು ಅಣ್ಣನ ಜೇಬಿನ ಪೆನ್ಸಿಲ್ ತೆಗೆದುಕೊಂಡ. ಈ ಸಲ ಆಕೆ ತಡೆಯಲಿಲ್ಲ. ಕಣ್ಣೊರೆಸಿಕೊಂಡು ಬರೆಯಲು ಬಗ್ಗಿದ.

ಆಕೆ ಗಂಡನ ಮುಖದ ಹತ್ತಿರವೇ ಕಾದಳು. ಬರೆಯುವ ಮುಂಚಿನ ಆ ಮಾತು ಬರಲಿಲ್ಲ. ಆಮೇಲೆ ತಾನೇ ಹರಳನ್ನೆತ್ತಿ, ಕಿಟಕಿಗೆ ಹಿಡಿದು, ಇನ್ನೊಂದು ಸಲ ನೋಡಿದಳು.