ಬಚ್ಚಿಟ್ಟ ನೋಟಿಸು

ಆಸ್ಪತ್ರೆಯ ಹೊದಿಕೆಗಳಿಗೆ ಇಸ್ತ್ರಿ ಹಾಕುವುದು ಅವಳ ಕೆಲಸ. ಗಂಡ ಕಟ್ಟಡದ ಮೇಲಿಂದ ಬಿದ್ದು ಹಾಸಿಗೆ ಹಿಡಿದಾಗ ಅವಳು ಅರ್ಧ ದಿನ ಮಾತ್ರ ಕೆಲಸಕ್ಕೆ ಹೋಗುತ್ತಿದ್ದಳು. ಅವನನ್ನು ನೋಡಿಕೊಳ್ಳಲು ಸರ್ಕಾರ ಪ್ರತಿ ತಿಂಗಳು ಆರೈಕೆ ಭತ್ಯೆ ಕೊಡುತ್ತಿತ್ತು. ಅವನು ಕೋಲು ಹಿಡಿದು ಓಡಾಡತೊಡಗಿದ ಮೇಲೆ ಅವಳು ಪೂರ್ತಿ ದಿನದ ಕೆಲಸಕ್ಕೆ ಸೇರಿದಳು. ಅದನ್ನು ಭತ್ಯೆ ಕೊಡುವ ಕಚೇರಿಗೆ ತಿಳಿಸಬೇಕಿತ್ತು. ಮುಂದಿನ ತಿಂಗಳು ಹೇಳಿದರಾಯಿತು ಎಂದುಕೊಂಡೇ ಹತ್ತು ತಿಂಗಳು ಕಳೆದವು. ಭತ್ಯೆ ಬರುತ್ತಲೇ ಇತ್ತು.

ಒಂದು ದಿನ ನೋಟಿಸು ಬಂತು. ಹೆಚ್ಚು ಪಡೆದ ಹಣ ವಾಪಸು ಕಟ್ಟಬೇಕು. ಅವಳು ಅದನ್ನು ಮಡಚಿ ಹಾಸಿಗೆಯ ಕೆಳಗೆ ತುರುಕಿದಳು. ಗಂಡನಿಗೂ ಹೇಳಲಿಲ್ಲ. ಕೆಲಸದಲ್ಲಿ ಊಟಕ್ಕೆ ಎಲ್ಲರ ಜೊತೆ ಕೂರುವುದನ್ನು ಬಿಟ್ಟಳು.

ಮೂರು ವಾರದ ಮೇಲೆ ನಾದಿನಿ ಬಂದಳು.

"ಅತ್ತಿಗೆ, ಯಾಕೆ ಮುಖ ತಪ್ಪಿಸಿಕೊಂಡು ಓಡಾಡ್ತಿದ್ದೀರ?"

ಅವಳು ನೋಟಿಸು ತೆಗೆದುಕೊಟ್ಟಳು. "ಕಳ್ಳಿ ಅಂತ ಬರೆದಿರಬೇಕು ನೋಡು."

ನಾದಿನಿ ಪೂರ್ತಿ ಓದಿದಳು. "ಎಲ್ಲೂ ಹಾಗಂತ ಇಲ್ಲ. ಉತ್ತರ ಕೊಡೋಕೆ ಇನ್ನೂ ಆರು ದಿನ ಇದೆ. ನಾಳೆ ಹೋಗೋಣ."

"ಎಲ್ಲರ ಮುಂದೆ ಕೇಳಿದ್ರೆ? ಭೂಮಿ ಬಾಯಿ ಬಿಟ್ಟು ನುಂಗಬಾರದಾ ಅನ್ಸುತ್ತೆ ನಂಗೆ."

ನಾದಿನಿ ನೋಟಿಸನ್ನು ಮಡಚಿ ಅವಳ ಕೈಗಿಟ್ಟಳು. "ನಂಗೂ ಬಂದಿತ್ತು, ಅತ್ತಿಗೆ. ಮಗಳು ಕಾಲೇಜು ಬಿಟ್ಟ ಮೇಲೂ ಅವಳ ವಿದ್ಯಾರ್ಥಿವೇತನ ತಗೊಂಡಿದ್ದೆ. ನೋಟಿಸು ಹರಿದು ಹಾಕಿದೆ. ಕೊನೆಗೆ ಸಂಬಳದಲ್ಲೇ ಹಿಡ್ಕೊಂಡ್ರು. ಅಣ್ಣನಿಗೆ ಇವತ್ತಿಗೂ ಗೊತ್ತಿಲ್ಲ."

"ಈಗ ಗೊತ್ತಾಯ್ತು," ಒಳಕೋಣೆಯಿಂದ ಗಂಡನ ದನಿ ಬಂತು. ಅವನು ಕೋಲೂರಿಕೊಂಡು ಹೊರಗೆ ಬಂದ. "ಕೊಟ್ಟವರು ಅವರು. ತಪ್ಪು ಅವರದೇ. ನಾವ್ಯಾಕೆ ಕಟ್ಟಬೇಕು?"

"ನೀವು ಎದ್ದು ಓಡಾಡ್ತಿದ್ದೀರ, ನಾನು ಪೂರ್ತಿ ದಿನ ಕೆಲಸಕ್ಕೆ ಹೋಗ್ತಿದ್ದೀನಿ ಅಂತ ಅವರಿಗೆ ಹೇಳದೇ ಇದ್ದವಳು ನಾನು," ಎಂದಳು ಅವಳು.

ಮರುದಿನ ಇಬ್ಬರೂ ಆ ಕಚೇರಿಗೆ ಹೋದರು. ಕೌಂಟರಿನ ಗುಮಾಸ್ತ ಕೇಳಿದ, "ತಿಳಿಸಬೇಕು ಅಂತ ಗೊತ್ತಿತ್ತಾ?"

ಹಿಂದೆ ಸಾಲಿನಲ್ಲಿ ನಾಲ್ಕು ಜನ ನಿಂತಿದ್ದರು. ಅವಳ ಕಿವಿ ಬಿಸಿಯಾಯಿತು. "ಗೊತ್ತಿತ್ತು," ಎಂದಳು.

ಗುಮಾಸ್ತ ತಲೆ ಎತ್ತಲಿಲ್ಲ. "ತಿಂಗಳಿಗೆ ಎಷ್ಟು ಕಟ್ಟೋಕಾಗುತ್ತೆ?"

"ಮೊದಲು ತಿಂಗಳುವಾರು ಲೆಕ್ಕ ಕೊಡಿ," ಎಂದಳು ನಾದಿನಿ. ನೋಡಿದರೆ ಅದರಲ್ಲಿ ಎರಡು ತಿಂಗಳು ತಪ್ಪಾಗಿ ಸೇರಿತ್ತು. ಆಗ ಗಂಡ ಮತ್ತೆ ಆಸ್ಪತ್ರೆ ಸೇರಿದ್ದ, ಅವಳು ರಜೆ ಹಾಕಿದ್ದಳು. ಆಸ್ಪತ್ರೆಯ ಚೀಟಿ ತೋರಿಸಿ ಅರ್ಜಿ ಬರೆದುಕೊಟ್ಟ ಮೇಲೆ ಆ ಎರಡು ತಿಂಗಳನ್ನು ಬಿಟ್ಟರು. ಉಳಿದದ್ದಕ್ಕೆ ಕಂತು ಮಾಡಿಕೊಟ್ಟರು.

ನಾಚಿಕೆ ಅವಳನ್ನು ಪೂರ್ತಿ ಬಿಟ್ಟುಹೋಗಲಿಲ್ಲ. ಆದರೂ ಮಾರನೆಯ ದಿನ ಊಟಕ್ಕೆ ಎಲ್ಲರ ಜೊತೆ ಕೂತಳು, ನಡೆದದ್ದನ್ನು ಹೇಳಿದಳು. ಯಾರೂ ಅವಳನ್ನು ಕಳ್ಳಿ ಅನ್ನಲಿಲ್ಲ. ಕೈ ತೊಳೆಯುವಾಗ ಒಬ್ಬಳು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು, "ಯಾವ ಕೌಂಟರಿಗೆ ಹೋಗಬೇಕು?"

ನಿಮ್ಮ ಮನೆಯಲ್ಲೂ ಇಂಥ ನೋಟಿಸು ಎಲ್ಲೋ ಅಡಗಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ಕೊನೆಯ ದಿನಾಂಕ ನೋಡಿ. ಲೆಕ್ಕದ ವಿವರ ಕೇಳಿ. ತಪ್ಪಿದ್ದರೆ ಬರೆದು ಕೊಡಿ, ಸರಿಯಿದ್ದರೆ ಕಂತು ಕೇಳಿ, ಕಟ್ಟಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ. ಒಬ್ಬರೇ ಹೋಗಲು ನಾಚಿಕೆಯಾದರೆ ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.