ಇಬ್ಬರು ಕೂತು ತಿದ್ದಿದ ಆಲ್ಬಮ್

ಸಿದ್ದಾಪುರದಲ್ಲಿ ಸ್ಟುಡಿಯೋ ಇಟ್ಟಿದ್ದ ಸತೀಶ ನಾಯ್ಕ ಮದುವೆ ಫೋಟೋಗಳಿಗೆ ಹೆಸರಾದವನು. ಮಂಟಪದ ಗದ್ದಲದಲ್ಲೂ ಅಜ್ಜಿಯೊಬ್ಬಳು ಕಣ್ಣೊರೆಸಿಕೊಳ್ಳುವುದು ಅವನ ಕ್ಯಾಮೆರಾಕ್ಕೆ ತಪ್ಪುತ್ತಿರಲಿಲ್ಲ. ಆದರೆ ತೆಗೆಯುವುದಷ್ಟೇ ಅವನ ಕೆಲಸ. ಬಣ್ಣ ಸರಿಮಾಡಿ, ಮುಖ ತಿದ್ದಿ, ಆಲ್ಬಮ್ಮಿನ ಪುಟ ಜೋಡಿಸುವುದನ್ನೆಲ್ಲ ಶಿರಸಿಯ ನಂದನ ಮಾಡಿಕೊಡುತ್ತಿದ್ದ. ನಂದನ ಹುಬ್ಬಳ್ಳಿಗೆ ಹೋಗಿ ನೆಲೆಸಿದ ಮೇಲೆ ಫೋಟೋಗಳು ಕ್ಯಾಮೆರಾದ ಕಾರ್ಡಿನಲ್ಲೇ ಕೊಳೆಯತೊಡಗಿದವು. ಗಿರಾಕಿಗಳಿಗೆ "ಮುಂದಿನ ವಾರ" ಎಂದು ಹೇಳಿ ಹೇಳಿ ಸಾಕಾಗಿ, ಎಡಿಟಿಂಗ್ ತಾನೇ ಕಲಿಯುವುದೆಂದು ಸತೀಶ ಹೊರಟ.

ಶಿರಸಿಯಲ್ಲಿ ದೀಕ್ಷಿತಾ ಎಂಬ ಹುಡುಗಿ ತಮ್ಮ ಮನೆಯ ಮಹಡಿಯಲ್ಲಿ ಎಡಿಟಿಂಗ್ ತರಗತಿ ನಡೆಸುತ್ತಿದ್ದಳು. ಯಾವ ಕಂಪ್ಯೂಟರ್ ಬೇಕು, ಮಾನಿಟರ್ ಎಂಥದ್ದಿರಬೇಕು, ಫೋಟೋ ಕಳೆದುಹೋಗದ ಹಾಗೆ ಎಲ್ಲಿ ಇನ್ನೊಂದು ಪ್ರತಿ ಇಡಬೇಕು ಎಂಬುದನ್ನೆಲ್ಲ ಅವಳೇ ಹೇಳಿದಳು. ಸತೀಶ ಒಂದೊಂದಾಗಿ ತಂದ. ಮೌಸ್ ಬದಲು ಪೆನ್ನಿನಂಥದ್ದರಲ್ಲಿ ಗೀರಿ ಕೆಲಸ ಮಾಡುವ ಹಲಗೆಯೊಂದು ಬಂದ ದಿನವಂತೂ ಊಟಕ್ಕೂ ಏಳಲಿಲ್ಲ. ಹಿನ್ನೆಲೆ ಕತ್ತರಿಸುವುದು, ಕತ್ತಲಾದ ಮುಖಕ್ಕೆ ಬೆಳಕು ತರುವುದು, ಮೊಡವೆ ಅಳಿಸುವುದು ಎಲ್ಲ ಬೇಗ ಕೈಗೆ ಹತ್ತಿತು. ಬಣ್ಣದ ಪಾಠದಲ್ಲಿ ದೀಕ್ಷಿತಾ ಹೇಳಿಕೊಟ್ಟ ಅಂಕಿಗಳನ್ನೇ ತುಂಬಿಸಿದ. ಅದೂ ಸರಿಬಂತು.

ಸ್ವಂತವಾಗಿ ಮಾಡಿದ ಮೊದಲ ಆಲ್ಬಮ್ ಹೇರೂರಿನ ಪರಿಮಳಕ್ಕನ ಮಗಳು ಸಂಹಿತಾಳ ಮದುವೆಯದು. ಆಲ್ಬಮ್ ಕೊಟ್ಟ ವಾರದೊಳಗೆ ಪರಿಮಳಕ್ಕ ಅದನ್ನು ಚೀಲದಲ್ಲಿ ಹಾಕಿಕೊಂಡು ಸ್ಟುಡಿಯೋಕ್ಕೇ ಬಂದರು.

"ಸತೀಶಾ, ನಮ್ಮ ಕೂಸಿನ ಮುಖಕ್ಕೆ ಎಂತ ಮಾಡಿದ್ಯ? ಪಾಚಿ ಕಟ್ಟಿದಂಗೆ ಕಾಣ್ತದಲ್ಲ!"

ಸತೀಶ ಪುಟ ತಿರುಗಿಸಿ ನೋಡಿದ. ಸಂಹಿತಾ ಚೆನ್ನಾಗಿಯೇ ಇದ್ದಳು. ಆಗಲೇ ಪರಿಮಳಕ್ಕನಿಗೆ ಮಗಳ ಫೋನ್ ಬಂತು. "ಹೌದೇ, ಸ್ಟುಡಿಯೋದಲ್ಲೇ ಇದ್ದಿ. ನೀ ಅಳಡ, ಆನು ಹೇಳ್ತೆ," ಎಂದು ಅವರು ದನಿ ತಗ್ಗಿಸಿ, ಅಳುತ್ತಿದ್ದ ಮಗಳನ್ನು ಮನೆಮಾತಿನಲ್ಲಿ ಸಮಾಧಾನ ಮಾಡುವುದನ್ನು ಕೇಳಿ ಸತೀಶ ಆಲ್ಬಮ್ ಮುಚ್ಚಿದ. ಪ್ರಿಂಟಿನವರು ಕೆಡಿಸಿರಬೇಕು, ಬೇರೆ ಮಾಡಿಕೊಡುತ್ತೇನೆ ಎಂದು ಕಳಿಸಿದ.

ಮತ್ತೆ ಕೂತು ತಿದ್ದಿದ. ಚಹಾ ತಂದ ಹೆಂಡತಿ ಪ್ರತಿಭಾ ಪರದೆ ನೋಡಿ ನಿಂತುಬಿಟ್ಟಳು.

"ಇದೆಂತ? ಮದುಮಗಳಿಗೆ ಕಾಮಾಲೆಯಾ?"

"ನಿಂಗೆಂತ ಗೊತ್ತಾಗ್ತದೆ ಇದ್ರಲ್ಲಿ? ಹೋಗು," ಎಂದು ಸತೀಶ ರೇಗಿದ. ಅವಳು ಲೋಟ ಕುಕ್ಕಿ ಹೋದಳು.

ಮಾನಿಟರ್ ಕೆಟ್ಟಿರಬೇಕೆಂದು ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಶಿರಸಿಗೆ ಒಯ್ದ. ದೀಕ್ಷಿತಾ ಪರೀಕ್ಷೆ ಮಾಡಿದಳು. ಮಾನಿಟರಿಗೆ ಏನೂ ಆಗಿರಲಿಲ್ಲ. ಅವಳು ಬಣ್ಣಬಣ್ಣದ ಚುಕ್ಕಿಗಳಿದ್ದ ಒಂದು ಚಿತ್ರವನ್ನು ಪರದೆಗೆ ತಂದಳು.

"ಸತೀಶಣ್ಣ, ಇದ್ರೊಳಗೆ ಯಾವ ಅಂಕಿ ಕಾಣ್ತು?"

"ಅಂಕಿ ಎಲ್ಲಿದೆ ಮೇಡಂ? ಬರೀ ಚುಕ್ಕಿ."

ಇನ್ನೊಂದು ತೋರಿಸಿದಳು. ಅದರಲ್ಲೂ ಚುಕ್ಕಿಯೇ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ವಿದ್ಯಾರ್ಥಿನಿಗೆ ಅಂಕಿ ಕೂಡಲೇ ಕಂಡಿತ್ತು, ಆದರೆ ಸತೀಶನ ಮುಖ ನೋಡಿ ಅವಳು ಹೇಳಲಿಲ್ಲ. ದೀಕ್ಷಿತಾ ಮೆಲ್ಲಗೆ, "ಒಂದ್ಸಲ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬನ್ನಿ ಅಣ್ಣ, ಹೆದರೂದೆಂತ ಇಲ್ಲೆ," ಎಂದಳು.

ಡಾಕ್ಟರು ಹೇಳಿದ್ದು ಇಷ್ಟೇ. ಕೆಂಪು ಮತ್ತು ಹಸಿರಿನ ವ್ಯತ್ಯಾಸ ಅವನ ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ, ಹುಟ್ಟಿನಿಂದಲೇ ಹಾಗೆ, ಔಷಧಿಯಿಲ್ಲ, ಹೆಚ್ಚಾಗುವುದೂ ಇಲ್ಲ.

ಸಿದ್ದಾಪುರದ ಬಸ್ಸಿನಲ್ಲಿ ಕೂತಾಗ ಅವನಿಗೆ ಅವ್ವ ಸುಬ್ಬಿಯ ನೆನಪಾಯಿತು. ಕೆಂಪಗೆ ಮಾಗುವ ಮುರುಗಲು ಹಣ್ಣು ಕೊಯ್ಯಲು ಕಳಿಸಿದರೆ ಅಕ್ಕನ ಬುಟ್ಟಿ ತುಂಬುತ್ತಿತ್ತು, ಇವನು ಎಲೆಯ ನಡುವೆ ಹುಡುಕಿ ಹುಡುಕಿ ಬುಟ್ಟಿಯ ತಳವನ್ನಷ್ಟೇ ಮುಚ್ಚಿಕೊಂಡು ಬರುತ್ತಿದ್ದ. ಸೋಮಾರಿ ಎಂದು ಬೈಸಿಕೊಂಡು, ತಾನು ಸೋಮಾರಿಯೇ ಇರಬೇಕೆಂದು ನಂಬಿಯೂ ಇದ್ದ. ಕಿಟಕಿಯ ಹೊರಗಿನ ಕಾಡನ್ನು ನೋಡಿದ. ಉಳಿದವರಿಗೆ ಇದು ಹೇಗೆ ಕಾಣುತ್ತಿದೆಯೋ ಎಂದು ಯೋಚಿಸಿದ.

ಮನೆಗೆ ಬಂದವನೇ ಕಂಪ್ಯೂಟರಿಗೆ ಬಟ್ಟೆ ಮುಚ್ಚಿದ. ಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದು ಫೋನಿನಲ್ಲಿ ವಿಚಾರಿಸುತ್ತಿದ್ದುದು ಪ್ರತಿಭಾಳ ಕಿವಿಗೆ ಬಿತ್ತು.

"ಅಷ್ಟು ಆಸೆಯಿಂದ ತಂದದ್ದು. ಎಂತಾಯ್ತು ಹೇಳಿ," ಎಂದು ಎದುರಿಗೇ ಕೂತಳು.

ಅವನು ಹೇಳಿದ. ಅವಳು ಕೇಳಿದ ಮೊದಲ ಮಾತು ಸ್ಟುಡಿಯೋದ ಬಗ್ಗೆ ಆಗಿರಲಿಲ್ಲ.

"ನಮ್ಮ ಮದುವೆಯಲ್ಲಿ ನಾನು ಉಟ್ಟ ಸೀರೆ ಯಾವ ಬಣ್ಣದ್ದು ಅಂತ ಮಾಡಿದ್ರಿ?"

"ಕಾಫಿಪುಡಿ ಬಣ್ಣ ಅಲ್ವಾ?"

"ಅಯ್ಯೋ ದೇವರೇ! ಅಪ್ಪನ ಹತ್ರ ಹಟ ಮಾಡಿ ತರಿಸಿದ ಕೆಂಪು ಸೀರೆ ಅದು!"

ಅವಳು ನಗತೊಡಗಿದಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಆಮೇಲೆ ಅವನ ಕೈ ಹಿಡಿದು, "ಆ ದಿನ ನಾ ಚಂದ ಕಂಡಿದ್ದೆ ಅಂದಿದ್ರಲ್ಲ, ಸುಳ್ಳಾ?" ಎಂದಳು.

"ಸುಳ್ಳಲ್ಲ ಮಾರಾಯ್ತಿ. ಚಂದ ಕಾಣೂಕೆ ಕೆಂಪೇ ಆಗ್ಬೇಕಾ?"

ಮರುದಿನ ಪ್ರತಿಭಾ ತಾನೇ ಬಟ್ಟೆ ತೆಗೆದು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡಳು. ಅವಳಿಗೆ ಮೌಸ್ ಹಿಡಿದೂ ಗೊತ್ತಿರಲಿಲ್ಲ. ಅವನು ಪೆನ್ನು ಹಿಡಿಯುವುದು, ಅವಳು ಪಕ್ಕದಲ್ಲಿ ಕೂತು "ಕೆಂಪು ತನ್ನಿ, ಇನ್ನೂ ತನ್ನಿ, ಸಾಕು ಸಾಕು" ಎನ್ನುವುದು, ಹೀಗೆ ಕೆಲಸ ಶುರುವಾಯಿತು. ಜಗಳವೂ ಆಯಿತು. ಅವಳ ಮಾತು ಕೇಳಿ ಮಾಡಿದ ಮೊದಲ ಪುಟವನ್ನು ದೀಕ್ಷಿತಾಳಿಗೆ ಕಳಿಸಿದರೆ, ಮುಖ ತೀರಾ ಗುಲಾಬಿಯಾಗಿದೆ, ಮದುಮಗಳಿಗೆ ಜ್ವರ ಬಂದ ಹಾಗಿದೆ ಎಂದು ಉತ್ತರ ಬಂತು. ಮುಖದ ಮೇಲೆ ಪೆನ್ನಿನ ಮೊನೆ ಇಟ್ಟರೆ ಪರದೆಯ ಮೂಲೆಯಲ್ಲಿ ಬರುವ ಅಂಕಿಗಳಿಂದ ಚರ್ಮದ ಬಣ್ಣ ತಿಳಿಯುವುದನ್ನು ದೀಕ್ಷಿತಾ ಫೋನಿನಲ್ಲೇ ಸತೀಶನಿಗೆ ಕಲಿಸಿದಳು. ಅಂಕಿ ಅವನು ನೋಡಿದ, ಮುಖ ಅವಳು ನೋಡಿದಳು. ಎರಡೂ ಒಪ್ಪಿದಲ್ಲಿ ನಿಲ್ಲಿಸಿದರು.

ಹೊಸ ಆಲ್ಬಮ್ ಒಯ್ಯುವಾಗ ಪ್ರತಿಭಾಳೂ ಹೇರೂರಿಗೆ ಹೋದಳು. ತವರಿಗೆ ಬಂದಿದ್ದ ಸಂಹಿತಾ ಪುಟ ತಿರುಗಿಸುತ್ತ, ಮಂಟಪದ ಬದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ದೊಡ್ಡಮ್ಮನ ಫೋಟೋ ಬಂದಲ್ಲಿ ಕೈ ನಿಲ್ಲಿಸಿದಳು. "ಅಮ್ಮಾ, ಇಲ್ನೋಡು, ದೊಡ್ಡಾಯಿ!" ಎಂದಳು. ಸತೀಶ ಅಲ್ಲೇ ಎಲ್ಲ ಹೇಳಿಬಿಟ್ಟ. "ಪ್ರಿಂಟಿನವರದ್ದು ತಪ್ಪಲ್ಲ ಪರಿಮಳಕ್ಕ. ನಂಗೇ ಕೆಂಪು ಹಸಿರು ತಿಳಿಯೂದಿಲ್ಲ. ಇದನ್ನ ಇವ್ಳು ನೋಡಿ ಹೇಳಿದ್ದು."

ಪರಿಮಳಕ್ಕ ಎದ್ದು ಒಳಗೆ ಹೋದರು. ಬರುವಾಗ ಇಬ್ಬರಿಗೂ ತಿನ್ನಲು ಸಿಹಿ ತೊಡೆದೇವು ತಂದು, "ಆವತ್ತು ನಾ ಸ್ವಲ್ಪ ಜೋರು ಮಾತಾಡಿಬಿಟ್ಟೆ," ಎಂದರು.

ಸುದ್ದಿ ಹೇಗೋ ಹರಡಿತು. ಯಲ್ಲಾಪುರದ ಒಂದು ಮನೆಯವರು ಮದುವೆಗೆ ಬೇರೆಯವರನ್ನು ಗೊತ್ತುಮಾಡಿಕೊಂಡರು. ಆವತ್ತು ಸತೀಶ ಅಂಗಡಿ ಬಾಗಿಲು ತೆರೆಯಲಿಲ್ಲ. ಅದಾದ ಮೇಲೆ ಅವನೇ ಒಂದು ಪದ್ಧತಿ ಮಾಡಿಕೊಂಡ. ಯಾರೇ ಬಂದರೂ ಮೊದಲೇ, "ತೆಗಿಯೂದು ನಾನು, ಬಣ್ಣ ನೋಡೂದು ನನ್ನ ಹೆಂಡ್ತಿ. ಒಪ್ಪಿಗೆ ಆದ್ರೆ ಹೇಳಿ," ಎನ್ನುತ್ತಾನೆ. ಹೆಚ್ಚಿನವರು ಒಪ್ಪುತ್ತಾರೆ.

ಪ್ರತಿಭಾ ಈಗ ದೀಕ್ಷಿತಾಳ ತರಗತಿಗೆ ಹೋಗುತ್ತಾಳೆ. ಹೋದ ವಾರ ಅಲ್ಲಿಂದ ಬಂದವಳೇ ಉಮ್ಮಚಗಿಯ ಮದುವೆಯ ಫೋಟೋಗಳನ್ನು ತೆರೆದು, "ಹೆಂಗಸರು ಕೂತಲ್ಲಿಗೆ ನೀವು ಹೋಗೂದೇ ಇಲ್ಲ. ಅಲ್ಲಿಯ ಚಂದ ಒಂದೂ ಬರ್ಲಿಲ್ಲ. ಇನ್ನು ನಾನೂ ಬರ್ತೆ," ಎಂದಳು. ಸತೀಶ ಕಪಾಟಿನಿಂದ ತನ್ನ ಹಳೆಯ ಕ್ಯಾಮೆರಾ ತೆಗೆದು, ಧೂಳು ಒರೆಸಿ, ಬ್ಯಾಟರಿಯನ್ನು ಚಾರ್ಜಿಗೆ ಹಾಕಿದ.