ಜಗದಾಂಬೆಗೆ ಬಂದದ್ದು ವೈರಾಗ್ಯವಲ್ಲ

ಆರಿಸಿದ ಅಕ್ಕಿಯನ್ನೇ ಜಗದಾಂಬ ಮತ್ತೆ ಆರಿಸುತ್ತಿದ್ದಳು. ಮಾತಿಲ್ಲ. ಎದುರಿಗೆ ಕೂತ ನಾದಿನಿ ತಾರಾದೇವಿ ಒಂದಿಷ್ಟು ತನ್ನ ಮೊರಕ್ಕೆ ಸುರಿದುಕೊಂಡಳು.

ಕಾಶಿಯ ಕನ್ನಡ ಮಠದ ಅಡುಗೆಮನೆಯಲ್ಲಿ ಎರಡು ತಿಂಗಳಿಂದ ಹೀಗೇ. ಜಗದಾಂಬ ಅರ್ಧ ರೊಟ್ಟಿಗೇ ಊಟ ಬಿಟ್ಟು ಏಳುತ್ತಾಳೆ. ನಿದ್ದೆಯಿಲ್ಲ, ತಲೆ ಬಾಚುವುದಿಲ್ಲ. ಮಠದ ಉಗ್ರಾಣ ನೋಡುವ ಗಂಡ ಕುಮಾರಯ್ಯನಿಗೆ ಇದೇ ಹೆಮ್ಮೆ. "ಗಂಗಾ ನೀರಿನ ಗುಣ! ನಮ್ಮಾಕಿಗೆ ವೈರಾಗ್ಯ ಬಂದೈತಿ" ಎನ್ನುತ್ತಿದ್ದ. ಊರಿಂದ ಬಂದ ಯಾತ್ರಿಕರು ಅವಳ ಕಾಲಿಗೆ ಬೀಳತೊಡಗಿದ್ದರು. ಆಗ ಅವಳು ಗೋಡೆಗೆ ಸರಿಯುವುದನ್ನು ತಾರಾದೇವಿ ನೋಡುತ್ತಿದ್ದಳು.

ಅಂದು ವಿಶ್ವವಿದ್ಯಾಲಯದ ಆಸ್ಪತ್ರೆಯ ಡಾಕ್ಟರು, ಮೈಸೂರಿನ ವಸುಮತಿ, ಮಠಕ್ಕೆ ಬಂದಿದ್ದರು. ತಾರಾದೇವಿ ಸೆರಗು ತಿರುಚುತ್ತ ಅವರನ್ನು ಒಳಗೆ ಕರೆತಂದಳು. ಡಾಕ್ಟರು ಜಗದಾಂಬೆಯ ಪಕ್ಕ ಬಹಳ ಹೊತ್ತು ಕೂತು, ಆಮೇಲೆ ಕುಮಾರಯ್ಯನನ್ನು ಕರೆದರು.

"ಇದು ಖಿನ್ನತೆ. ಕಾಯಿಲೆ. ಔಷಧ ಇದೆ."

"ಖಿನ್ನತೆ ಯಾರಿಗಿಲ್ರಿ? ಮೊನ್ನೆ ಕಂಟೋನ್ಮೆಂಟ್ ಸ್ಟೇಶನ್ನಿನಾಗ ಗಾಡಿ ತಪ್ಪಿದಾಗ ನನಗೂ ಬಂದಿತ್ತು."

"ಅವತ್ತು ಊಟ ಮಾಡಿದಿರಾ?"

"ಎರಡು ಸಲ ಪಲ್ಯ ಹಾಕಿಸಿಕೊಂಡೆ."

"ಹಾಗಾದ್ರೆ ಅದು ಬೇಜಾರು, ಸಂಜೆಗೆ ಹೋಯ್ತು. ಇವರಿಗೆ ವಾರಗಟ್ಟಲೆ ಹಸಿವಿಲ್ಲ, ನಿದ್ದೆಯಿಲ್ಲ, ಯಾವುದೂ ಬೇಕಿಲ್ಲ."

"ಅದಕ್ಕ ವೈರಾಗ್ಯ ಅಂತಾರ್ರಿ. ದವಾಖಾನಿಗೆ ಒಯ್ದರ ಮಂದಿ ಹುಚ್ಚಿ ಅಂತಾರ."

"ಹುಚ್ಚಿಯೂ ಅಲ್ಲ, ಸಾಧ್ವಿಯೂ ಅಲ್ಲ. ವೈರಾಗ್ಯ ಬಂದವರು ತಾವಾಗಿ ಬಿಡ್ತಾರೆ. ಇವರಿಗೆ ಹಿಡ್ಕೊಳ್ಳೋ ಶಕ್ತಿಯೇ ಇಲ್ಲ. ಏನಾಗ್ತಿದೆ ಅಂತ ಇವರನ್ನ ಒಮ್ಮೆಯಾದ್ರೂ ಕೇಳಿದ್ದೀರಾ?"

ಕುಮಾರಯ್ಯ ಕೇಳಿರಲಿಲ್ಲ.

ತಾರಾದೇವಿ ಮುಂದೆ ಬಂದಳು. "ಅಣ್ಣಾ, 'ನಾ ಇಲ್ಲಾಂದ್ರ ನಿಮಗೆಲ್ಲ ಹಗುರ ಆಗ್ತೈತಿ' ಅಂತ ವೈನಿ ನಿನ್ನೆ ಅಂದ್ರು."

ಕುಮಾರಯ್ಯ ಹೆಂಡತಿಯ ಮುಂದೆ ಕುಕ್ಕರಿಸಿದ. "ಖರೇನ?"

"ಸಾಕಾಗೇತಿ" ಎಂದಳು ಜಗದಾಂಬ. ಕುಮಾರಯ್ಯ ಅವಳ ದನಿ ಕೇಳಿ ಎಷ್ಟೋ ದಿನವಾಗಿತ್ತು.

"ನಾಳೆ ಮುಂಜಾನೆ ದವಾಖಾನಿಗೆ ಹೋಗೋಣು," ಅಂದ ಅವನು.

"ಈ ಮಾತು ಬಂದ ಮೇಲೆ ನಾಳೆ ಅನ್ನಬಾರದು. ಇವರನ್ನ ಒಬ್ಬರೇ ಬಿಡಲೂಬಾರದು," ಅಂದರು ಡಾಕ್ಟರು.

ಕುಮಾರಯ್ಯ ಉಗ್ರಾಣಕ್ಕೆ ಬೀಗ ಹಾಕದೆಯೇ ರಿಕ್ಷಾ ತರಲು ಓಡಿದ.

ಅಕ್ಕಂದಿರೇ, ಅಣ್ಣಂದಿರೇ, ಒಂದು ಹೊತ್ತಿನ ಬೇಜಾರಿಗೆ ಖಿನ್ನತೆ ಅನ್ನಬೇಡಿ. ಖಿನ್ನತೆ ಬಂದವರಿಗೆ ಹುಚ್ಚು ಅನ್ನಬೇಡಿ, ಸೋಮಾರಿತನ ಅನ್ನಬೇಡಿ, ದೊಡ್ಡ ಹೆಸರಿಟ್ಟು ಕೈಮುಗಿಯಲೂ ಬೇಡಿ. ಡಾಕ್ಟರ ಬಳಿ ಕರೆದೊಯ್ಯಿರಿ. ನಿಮ್ಮ ಮನೆಯಲ್ಲಿ ಈಚೆಗೆ ಮಾತು ಬಿಟ್ಟವರು ಯಾರಿದ್ದಾರೆ? ಹೆಸರು ಹೇಳಿ.